ಚುಚ್ಚುಮದ್ದಿನ ಮರ್ಯಾದೆ

ಜ್ವರದಿಂದ ಬಳಲಿ ಹೋಬಳಿಯ ದವಾಖಾನೆಗೆ ಬಂದ ಹಿರಿಯರೊಬ್ಬರು, ವೈದ್ಯರು ಬರೆದುಕೊಟ್ಟ ಗುಳಿಗೆಯ ಚೀಟಿಯನ್ನು ಕೈಯಲ್ಲಿ ಹಿಡಿದೇ, "ಇದೆಲ್ಲ ಇರಲಿ ಡಾಕ್ಟ್ರೇ, ಒಂದು ಸೂಜಿ ಹಾಕಿಬಿಡಿ" ಎಂದು ಬೇಡಿಕೊಳ್ಳುವ ದೃಶ್ಯವನ್ನು ಕಾಣದವರು ನಮ್ಮಲ್ಲಿ ವಿರಳ. ಸೂಜಿ ಹಾಕಿಸಿಕೊಳ್ಳದೆ ಹೊರಬಿದ್ದರೆ ಕೊಟ್ಟ ಹಣ ದಂಡವಾಯಿತೆಂಬ ಭಾವನೆ ರೋಗಿಗೆ. ಹಾಕದಿದ್ದರೆ ಆತನು ಎದುರು ಬೀದಿಯ ದವಾಖಾನೆಗೆ ಹೋದಾನೆಂಬ ಅಂಜಿಕೆ ಕೆಲವು ವೈದ್ಯರಿಗೆ. ಹೀಗೆ ಎರಡು ಕಡೆಯ ದಾಕ್ಷಿಣ್ಯಕ್ಕೆ ಸಿಕ್ಕಿ, ಬ್ಯಾಕ್ಟೀರಿಯಾದಿಂದ ಪ್ರಾಣ ಉಳಿಸಲೆಂದು ಹುಟ್ಟಿದ ಪ್ರತಿಜೀವಕ ಔಷಧವು, ಅದರಿಂದ ಎಳ್ಳಷ್ಟೂ ಉಪಕಾರವಾಗದ ವೈರಸ್ಸಿನ ನೆಗಡಿಗೂ ವ್ಯಯವಾಗುತ್ತಿದೆ. ಮರ್ಯಾದೆಯೆಂಬ ಶಬ್ದಕ್ಕೆ ಗೌರವವೆಂಬ ಅರ್ಥವಿರುವಂತೆ ಎಲ್ಲೆಯೆಂಬ ಅರ್ಥವೂ ಉಂಟು. ಚುಚ್ಚುಮದ್ದಿಗೆ ಮೊದಲನೆಯದನ್ನು ಧಾರಾಳವಾಗಿ ಸಲ್ಲಿಸಿ ಎರಡನೆಯದನ್ನು ಮರೆತಿದ್ದೇವೆ.

ಸೂಜಿಗೆ ಈ ಪ್ರತಿಷ್ಠೆ ಬಂದುದು ನಿಷ್ಕಾರಣವಾಗಿ ಅಲ್ಲ. ಮೊದಲು ದೊರೆತ ಪೆನಿಸಿಲಿನ್ ಜಠರದ ಆಮ್ಲದಲ್ಲಿ ಬಹುಮಟ್ಟಿಗೆ ನಾಶವಾಗುತ್ತಿದ್ದುದರಿಂದ ಅದನ್ನು ಚುಚ್ಚಿಯೇ ಕೊಡಬೇಕಾಗಿತ್ತು. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ಆಸ್ಪತ್ರೆಯಲ್ಲಿ, ಸೋಂಕಿನಿಂದ ಒಂದು ಕಣ್ಣನ್ನೂ ಕಳೆದುಕೊಂಡಿದ್ದ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸ್ ಪೇದೆಗೆ ವಿಜ್ಞಾನಿ ಫ್ಲೋರಿಯವರ ತಂಡ ಅದನ್ನು ನೀಡಿದಾಗ, ಆತನು ಕಣ್ಣೆದುರಿಗೇ ಚೇತರಿಸಿಕೊಳ್ಳತೊಡಗಿದನು. ಆದರೆ ಔಷಧ ಸಾಲದಾಗಿ, ಆತನ ಮೂತ್ರದಿಂದಲೇ ಅದನ್ನು ಮರಳಿ ಬೇರ್ಪಡಿಸಿ ಕೊಟ್ಟರೂ ದಾಸ್ತಾನು ಮುಗಿದುಹೋಗಿ, ಮಾರ್ಚಿನಲ್ಲಿ ಆತನು ತೀರಿಕೊಂಡನು. ಅಂದಿನಿಂದ ಕಾಲ ಬಹಳ ಸರಿದಿದೆ. ಇಂದಿನ ಹಲವು ಪ್ರತಿಜೀವಕಗಳು ಗುಳಿಗೆಯ ರೂಪದಲ್ಲಿಯೂ ಚೆನ್ನಾಗಿ ರಕ್ತವನ್ನು ಸೇರುತ್ತವೆ. ಮಿದುಳುಪೊರೆಯ ಉರಿಯೂತ, ರಕ್ತಕ್ಕೆ ಹರಡಿದ ನಂಜು, ನಿಲ್ಲದ ವಾಂತಿ, ತಪ್ಪಿದ ಪ್ರಜ್ಞೆ, ಬಾಯಿಂದ ಕೊಟ್ಟರೆ ಕರುಳು ಹೀರಿಕೊಳ್ಳದ ಜೆಂಟಮೈಸಿನ್‌ನಂತಹ ಔಷಧ: ಇಂತಹ ಸಂದರ್ಭಗಳಲ್ಲಿ ಸೂಜಿ ಅನಿವಾರ್ಯ.

ಅನಿವಾರ್ಯವಾದಾಗಲೂ ಅದು ಎಷ್ಟು ಎಚ್ಚರವನ್ನು ಬೇಡುತ್ತದೆಂಬುದನ್ನು ಕಾಣಬೇಕಾದರೆ, ನಮ್ಮ ಆಸ್ಪತ್ರೆಗಳಲ್ಲಿ ನಿತ್ಯವೂ ಬಳಕೆಯಾಗುವ ಸೆಫ್‌ಟ್ರಯಾಕ್ಸೋನ್ ಸೀಸೆಯೊಂದನ್ನು ಹತ್ತಿರದಿಂದ ನೋಡಬೇಕು. ರಬ್ಬರು ಬಿರಡೆಯ ಕೆಳಗೆ ತೆಳುಹಳದಿ ಛಾಯೆಯ ಪುಡಿ. ದಾದಿಯು ಬಿರಡೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಆರಲು ಬಿಟ್ಟು, ಹೊಸ ಸಿರಿಂಜಿನಿಂದ ದ್ರವವನ್ನು ಒಳಬಿಟ್ಟು, ಪುಡಿ ಪೂರ್ತಿ ಕರಗುವವರೆಗೆ ಅಲುಗಾಡಿಸುತ್ತಾಳೆ. ಆ ದ್ರವ ಯಾವುದೆಂಬುದೇ ಇಲ್ಲಿನ ಮರ್ಮ. ಮಾಂಸಖಂಡಕ್ಕೆ ಚುಚ್ಚುವಾಗ ನೋವು ತಗ್ಗಲೆಂದು ಲಿಗ್ನೊಕೇನ್ ಸೇರಿಸುವುದುಂಟು. ಹಾಗೆ ಕಲಸಿದ ಔಷಧ ರಕ್ತನಾಳಕ್ಕೆ ಹೋಗಲೇಕೂಡದು, ಹೃದಯದ ಬಡಿತವೇ ತಾಳ ತಪ್ಪಬಹುದು. ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಬಾಟಲಿಯೊಡನೆ ಸೆಫ್‌ಟ್ರಯಾಕ್ಸೋನನ್ನು ಬೆರೆಸಿದರೆ ದ್ರವದಲ್ಲಿ ಸಣ್ಣ ಹರಳು ಕಟ್ಟುತ್ತದೆ. ಈ ಎರಡೂ ಕೂಡಿದಾಗ ಹರಳು ಶ್ವಾಸಕೋಶ ಮೂತ್ರಪಿಂಡಗಳಲ್ಲಿ ಸೇರಿ ನವಜಾತ ಶಿಶುಗಳು ಅಸುನೀಗಿದ ಪ್ರಸಂಗಗಳಿವೆ. ವ್ಯಾಂಕೊಮೈಸಿನ್ ಎಂಬ ಇನ್ನೊಂದು ಔಷಧಕ್ಕೆ ಅವಸರವೇ ಶತ್ರು: ಒಂದು ಗ್ರಾಂ ಹನಿಹನಿಯಾಗಿ ಇಳಿಯಲು ಕನಿಷ್ಠ ನೂರು ನಿಮಿಷ ಬೇಕು; ಬೇಗ ಬಿಟ್ಟರೆ ಮುಖ ಕತ್ತುಗಳು ಕೆಂಪೇರಿ ರಕ್ತದೊತ್ತಡ ಕುಸಿಯಬಹುದು. ಜೆಂಟಮೈಸಿನ್ ಮೂತ್ರಪಿಂಡವನ್ನು ನೋಯಿಸಬಲ್ಲುದು, ಕಿವಿಯನ್ನೂ ಕೆಡಿಸಬಲ್ಲುದು. ಹಾಗೆ ಕೆಟ್ಟ ಕಿವಿ ಸಾಮಾನ್ಯವಾಗಿ ಮರಳಿ ಬಾರದು.

ಎಲ್ಲಕ್ಕಿಂತ ಭಯಂಕರವಾದುದು ತೀವ್ರ ಅಲರ್ಜಿ. ಮೈಯೆಲ್ಲ ತುರಿಕೆ, ಗಂಟಲಿನ ಬಿಗಿತ, ಉಸಿರಿಗೆ ಕಷ್ಟ, ಕುಸಿಯುವ ನಾಡಿ, ಎಲ್ಲವೂ ಕೆಲವೇ ನಿಮಿಷಗಳಲ್ಲಿ. ಆಗ ವಯಸ್ಕರಿಗೆ ಅರ್ಧ ಮಿಲಿಗ್ರಾಂ ಅಡ್ರಿನಲಿನ್ನನ್ನು ತೊಡೆಯ ಹೊರಪಕ್ಕದ ಮಾಂಸಕ್ಕೆ ತಡಮಾಡದೆ ಕೊಡುವುದೊಂದೇ ಮೊದಲ ದಾರಿ; ಅದು ಕೈಗೆಟುಕುವಲ್ಲಿ ಇಲ್ಲದ ಕಡೆ ಪ್ರತಿಜೀವಕದ ಸೂಜಿಯನ್ನು ಎತ್ತುವುದೇ ಸಾಹಸ. ತೋಳಿನ ಮೇಲೆ ಒಂದು ಹನಿ ಚುಚ್ಚಿ ನೋಡುವ ಪರೀಕ್ಷೆಯು ಸರಿಯಾಗಿ ಕಂಡಮಾತ್ರಕ್ಕೆ ಅಪಾಯವಿಲ್ಲವೆಂದು ನಿಶ್ಚಿಂತರಾಗಲಾಗದು. ನಾನೇ ಒಮ್ಮೆ ಸೂಜಿಯಾದೊಡನೆ ಬಸ್ಸಿನ ಹೊತ್ತಾಯಿತೆಂದು ಎದ್ದಾಗ, ವಯಸ್ಸಾದ ದಾದಿಯೊಬ್ಬರು "ಅರ್ಧ ಗಂಟೆ ಕೂತ್ಕೊಳ್ಳಿ ಸಾರ್, ಬಸ್ಸು ಇನ್ನೊಂದು ಬರುತ್ತೆ" ಎಂದು ಬೆಂಚು ತೋರಿಸಿದರು. ಆಗ ಮುನಿಸಾಗಿತ್ತು, ಇಂದು ಆ ತಾಯಿಯೇ ಸರಿಯೆನ್ನುತ್ತೇನೆ.

ಜ್ವರವಿಳಿದು ಊಟ ಸೇರತೊಡಗಿದ ಮೇಲೆ ವೈದ್ಯರು ಡ್ರಿಪ್ಪು ತೆಗೆದು ಗುಳಿಗೆಗೆ ಬದಲಿಸಿದರೆ, ಮನೆಯವರು ಅದನ್ನು ಉಪೇಕ್ಷೆಯೆಂದು ಭಾವಿಸಬೇಕಾಗಿಲ್ಲ. ಕೈಗೆ ಚುಚ್ಚಿಟ್ಟ ನಳಿಕೆಯೇ ದಿನ ಕಳೆದಂತೆ ಹೊಸ ಸೋಂಕಿಗೆ ಬಾಗಿಲಾಗುತ್ತದೆ. ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟ ಮಕ್ಕಳಿಗೆ ಮೂರು ನಾಲ್ಕು ವಾರಗಳಿಗೊಮ್ಮೆ, ವರ್ಷಾನುಗಟ್ಟಲೆ, ಬೆಂಜಥೀನ್ ಪೆನಿಸಿಲಿನ್ನನ್ನು ಮಾಂಸಖಂಡಕ್ಕೆ ಕೊಡಬೇಕಾಗುತ್ತದೆ. ಅಲ್ಲಿ ಸೂಜಿ ತಪ್ಪಿಸುವುದೇ ಅಪರಾಧ.

ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮಗಾಗಲಿ ಮನೆಯವರಿಗಾಗಲಿ ಯಾವುದಾದರೂ ಔಷಧದಿಂದ ಹಿಂದೆ ದದ್ದು, ಊತ, ಉಸಿರಿನ ತೊಂದರೆ ಆಗಿದ್ದರೆ, ಅದರ ಹೆಸರನ್ನು ವೈದ್ಯರಿಂದ ಒಂದು ಚೀಟಿಯಲ್ಲಿ ಬರೆಸಿ ಜೇಬಿನಲ್ಲಿಟ್ಟುಕೊಳ್ಳಿ. ಮುಂದಿನ ಸಲ ಸೂಜಿಗೆ ತೋಳೊಡ್ಡುವ ಮುನ್ನ, ಕೇಳದಿದ್ದರೂ ಅದನ್ನು ತೋರಿಸಿ.