ಎಥಿಕ್ಸ್ ಅಂದ್ರೆ ಐದು ಮಾರ್ಕ್ಸ್ ಅಷ್ಟೇನಾ?

ಯಡಿಯೂರಿನಿಂದ ಮಾತಾಡ್ತಿದ್ದೀನಿ. ನಾನು ಬಿಕಾಂ ಓದುವಾಗ ಎಥಿಕ್ಸ್ ಅಂದ್ರೆ ಐದು ಮಾರ್ಕ್ಸಿನ ಪ್ರಶ್ನೆ. ಮಂಜುನಾಥ್ ಷಣ್ಮುಗಂಗೆ ಅದು ಪ್ರಾಣದ ಪ್ರಶ್ನೆ ಆಯ್ತು.

ಕೆಜಿಎಫ್ ಹುಡುಗ. ಮೈಸೂರಲ್ಲಿ ಇಂಜಿನಿಯರಿಂಗ್, ಲಕ್ನೋ ಐಐಎಂನಲ್ಲಿ ಎಂಬಿಎ. ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದಲ್ಲಿ ಕಲಬೆರಕೆ ಇಂಧನ ಮಾರ್ತಿದ್ದ ಬಂಕ್‌ಗೆ ಸೀಲ್ ಹಾಕಿಸಿದ್ರು. 2005ರ ನವೆಂಬರ್ 19ರಂದು ಅವರನ್ನ ಗುಂಡಿಟ್ಟು ಕೊಂದ್ರು. ವಯಸ್ಸು ಬರೀ 27. ಆರು ಜನರ ಜೀವಾವಧಿ ಶಿಕ್ಷೆಯನ್ನ ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡೀತು.

ಬಿಸಿನೆಸ್ ಸ್ಕೂಲ್‌ನಲ್ಲಿ ಈ ಕಥೆ ಹೇಳಿ, 'ನೀವೂ ಧೈರ್ಯವಾಗಿರಿ' ಅಂದ್ರೆ ಸಾಲದು. ಕೇಳಬೇಕಾದ ಪ್ರಶ್ನೆ ಬೇರೆ: ನಾಳೆ ನೀವು ಬಾಸ್ ಆದಾಗ, ನಿಮ್ಮ ಜೂನಿಯರ್ ತಪ್ಪು ಹಿಡಿದ್ರೆ ಅವರ ಬೆನ್ನಿಗೆ ಯಾರು ನಿಲ್ತಾರೆ? ಆ ವ್ಯವಸ್ಥೆ ಕಟ್ಟೋದೇ ಲೀಡರ್‌ಶಿಪ್.