ಗಲ್ಲಾಪೆಟ್ಟಿಗೆಗೆ ಬೀಗ ಇದೆ, ಉದ್ರಿ ಲೆಕ್ಕಕ್ಕೆ?

ಕರೆಂಟ್ ಹೋದರೆ ಅಂಗಡಿಯವರು ಮೇಣದಬತ್ತಿ ಹಚ್ಚುತ್ತಾರೆ. ಕಂಪ್ಯೂಟರ್ ಕೈಕೊಟ್ಟರೆ ಏನು ಹಚ್ಚೋದು ಸ್ವಾಮಿ?

2025ರ ಏಪ್ರಿಲ್ 12, ಶನಿವಾರ. ದೇಶದ ಹಲವೆಡೆ ಯುಪಿಐ ತಾಸುಗಟ್ಟಲೆ ಮೊಂಡು ಹಿಡಿಯಿತು. ಕ್ಯೂಆರ್ ಕೋಡ್ ಗೋಡೆ ಮೇಲಿತ್ತು, ಸಾಮಾನು ಗಿರಾಕಿ ಚೀಲದಲ್ಲಿತ್ತು. ದುಡ್ಡು ಮಾತ್ರ ಬರಲಿಲ್ಲ. ಅದಕ್ಕೆ ಹದಿನೇಳು ದಿನ ಮುಂಚೆ, ಮಾರ್ಚ್ 26ರಂದೂ ಇದೇ ಕಥೆ.

ದೊಡ್ಡವರ ಗತಿಯೂ ಅಷ್ಟೆ. 2024ರ ಜುಲೈ 19ರಂದು ಅಮೆರಿಕದ ಕ್ರೌಡ್‌ಸ್ಟ್ರೈಕ್ ಕಂಪೆನಿ, ಕಂಪ್ಯೂಟರುಗಳನ್ನು ಕಾಯುವ ತನ್ನ ತಂತ್ರಾಂಶಕ್ಕೆ ಕಳಿಸಿದ ಒಂದು ಅಪ್‌ಡೇಟ್ ದೋಷದಿಂದ ಕೂಡಿತ್ತು. ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಎಷ್ಟೋ ವಿಮಾನ ರದ್ದಾದವು ನಿಜ. ಆದರೂ ಆ ಚೀಟಿ ಹಿಡಿದೇ ಜನ ವಿಮಾನ ಹತ್ತಿದರು.

ಇದು ಒಂದೆರಡು ದಿನದ ಕಷ್ಟ. ನೀರು ನುಗ್ಗಿದರೆ? 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ಉಕ್ಕಿ ಗೋಕಾಕ ಪಟ್ಟಣಕ್ಕೆ ನುಗ್ಗಿದ್ದನ್ನು ಮರೆಯಲಾದೀತೆ? ನೆನೆದ ಸರಕಿಗೆ ವಿಮೆ ಕೇಳಬೇಕಾದರೂ ಸ್ಟಾಕಿನ ಲೆಕ್ಕ ಬೇಕು. ಆ ಲೆಕ್ಕವೇ ಕೌಂಟರ್ ಕೆಳಗಿನ ಕಂಪ್ಯೂಟರಿನ ಜೊತೆ ಮುಳುಗಿದ್ದರೆ ಏನು ತೋರಿಸ್ತೀರಿ? ಹೊಸ ಕಂಪ್ಯೂಟರ್ ಕೊಳ್ಳಬಹುದು. ಯಾರ ಉದ್ರಿ ಎಷ್ಟು ಅನ್ನೋದನ್ನ ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಆದ್ದರಿಂದ ಲೆಕ್ಕ ಮೂರು ಕಡೆ ಇರಲಿ. ಒಂದು ಕಂಪ್ಯೂಟರಲ್ಲಿ, ಇನ್ನೊಂದು ಪೆನ್‌ಡ್ರೈವಲ್ಲಿ, ಮೂರನೆಯದು ಅಂಗಡಿಯಿಂದ ಹೊರಗೆ, ಇಂಟರ್‌ನೆಟ್ಟಿನಲ್ಲೋ ಮನೆಯ ಬೀರುವಿನಲ್ಲೋ. ದಿನವೂ ಬಾಗಿಲು ಹಾಕುವ ಮುಂಚೆ ನಕಲು ತೆಗೆಯಿರಿ. ತೆಗೆದ ಮೇಲೆ ಪೆನ್‌ಡ್ರೈವ್ ಕಿತ್ತಿಡಿ. ಚುಚ್ಚಿಯೇ ಬಿಟ್ಟರೆ ವೈರಸ್ ಅದನ್ನೂ ನುಂಗೀತು. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಲ್ಲಿ ತೆರೆದು ನೋಡಿ. ಬೇಕಾದಾಗ ತೆರೆಯದ ನಕಲು ಇದ್ದೂ ಇಲ್ಲದ ಹಾಗೆ.

ಕಂಪ್ಯೂಟರನ್ನು ನೆಲದಿಂದ ಮೇಲಕ್ಕಿಡಿ. ಬಿಲ್ ಪುಸ್ತಕ, ಕಾರ್ಬನ್ ಹಾಳೆ, ಬರೆದ ದರಪಟ್ಟಿ, ಒಂದಿಷ್ಟು ಚಿಲ್ಲರೆ ಗಲ್ಲಾದಲ್ಲಿರಲಿ. ಕೆಲಸದವರಿಗೂ ಕೈಯಲ್ಲಿ ಬಿಲ್ ಬರೆಯೋದು ಕಲಿಸಿ.

ಬಸ್ಸಿನಲ್ಲಿ ಕೂತು ಓದುತ್ತಿರುವವರಿಗೂ ಒಂದು ಮಾತು. ಮನೆ ಸೇರುವಷ್ಟು ನೋಟು ಜೇಬಲ್ಲಿರಲಿ. ಮೊಬೈಲ್ ಸತ್ತಾಗ ಕಂಡಕ್ಟರ್ ಜೊತೆ ಜಗಳವಾಡಿ ಉಪಯೋಗವಿಲ್ಲ.

ಅಂಗಡಿಯವರೇ, ಇವತ್ತು ರಾತ್ರಿ ಶಟರ್ ಎಳೆಯುವ ಮುಂಚೆ ಒಂದು ಸಲ ಯೋಚಿಸಿ: ನಾಳೆ ಬೆಳಿಗ್ಗೆ ಕಂಪ್ಯೂಟರ್ ಏಳದಿದ್ದರೆ ಮೊದಲ ಗಿರಾಕಿಗೆ ಬಿಲ್ ಹೇಗೆ ಕೊಡ್ತೀರಿ?