ಗುಟ್ಟಿಲ್ಲದ ಪಿಂಗಾಣಿ

ಇಂಗ್ಲೆಂಡಿನ ಪೂರ್ವತೀರದಲ್ಲಿ, ಉತ್ತರ ಸಮುದ್ರದ ಗಾಳಿಗೆ ಸಮೀಪವಾಗಿರುವ ಸಫೋಕ್ ಪ್ರಾಂತದ ನಾಡಿಶಾಲ್ ಎಂಬ ಸಣ್ಣ ಊರಿನಲ್ಲಿ ಜಾನಥನ್ ಕೀಪ್ ಎಂಬ ಕುಂಬಾರರ ಕಾರ್ಯಾಗಾರವುಂಟು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಬೆಳೆದು, ಅನಂತರ ಇಂಗ್ಲೆಂಡಿಗೆ ಬಂದು ನೆಲಸಿ, ಬಹುಕಾಲ ಕೈಕೆಲಸದ ಮಡಕೆ ಕುಡಿಕೆಗಳಿಂದಲೇ ಜೀವನ ನಡೆಸಿದ ಈ ಮನುಷ್ಯರು, ಕಸುಬಿನಲ್ಲಿ ಕೈ ಪಳಗಿದ ಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಮತ್ತೊಮ್ಮೆ ವಿದ್ಯಾರ್ಥಿಯಾಗಿ ಕುಳಿತರು. ಅಲ್ಲಿಂದೀಚೆಗೆ ಗಣಕಯಂತ್ರವನ್ನು ತಮ್ಮ ಉಪಕರಣಗಳ ಸಾಲಿನಲ್ಲಿ ಒಂದಾಗಿ ಸೇರಿಸಿಕೊಂಡರು. ಯಂತ್ರಶಾಸ್ತ್ರವನ್ನೋ ವಾಸ್ತುಶಿಲ್ಪವನ್ನೋ ಕಲಿತು, ಹೊಸ ಪದಾರ್ಥವೊಂದರ ಅನ್ವೇಷಣೆಯಲ್ಲಿ ಮಣ್ಣಿನ ಬಳಿಗೆ ಬಂದವರು ಇಂದು ಅನೇಕರಿದ್ದಾರೆ. ಮಣ್ಣಿನ ಬಳಿಯಲ್ಲಿಯೇ ಇದ್ದು, ಅದರ ಸ್ವಭಾವವನ್ನು ಬೆರಳ ತುದಿಯಿಂದ ಅರಿತು, ಆ ಅರಿವಿನೊಡನೆ ಗಣಕದ ಕಡೆಗೆ ನಡೆದವರು ವಿರಳ. ಕೀಪ್ ಅವರ ಕೃತಿಗಳಲ್ಲಿ ಕಾಣುವ ಸಮಾಧಾನಕ್ಕೆ ಈ ದಿಕ್ಕಿನ ಭೇದವೇ ಕಾರಣವೆಂದು ನನ್ನ ನಂಬಿಕೆ.

ಅವರ ಯಂತ್ರದಲ್ಲಿ ಮೊದಲು ಗಮನಕ್ಕೆ ಬರುವುದು ಅದರ ಸರಳತೆ. ನೆಟ್ಟಗೆ ನಿಂತ ಮೂರು ಕಂಬಗಳು. ಅವುಗಳ ಗುಂಟ ಮೇಲಕ್ಕೂ ಕೆಳಕ್ಕೂ ಸರಿದಾಡುವ ತೋಳುಗಳು. ಆ ತೋಳುಗಳು ಕೂಡುವೆಡೆಯಲ್ಲಿ ತೂಗುವ ಒಂದು ನಳಿಕೆ. ನಳಿಕೆಯ ಹಿಂದಿನ ಕೊಳವೆಯಲ್ಲಿ ತುಂಬಿದ ಮೆತ್ತನೆಯ ಮಣ್ಣು, ಒತ್ತಿಹಿಡಿದ ಗಾಳಿಯ ಬಲದಿಂದ, ಶ್ಯಾವಿಗೆಯ ಒರಳಿನಿಂದ ಹಿಟ್ಟು ಇಳಿಯುವಂತೆ ಒಂದೆರಡು ಮಿಲಿಮೀಟರು ದಪ್ಪದ ಎಳೆಯಾಗಿ ಇಳಿದು, ಗಣಕವು ವಿಧಿಸಿದ ಹಾದಿಯಲ್ಲಿ ಸುತ್ತಿ ಸುತ್ತಿ, ಸುತ್ತಿನ ಮೇಲೆ ಸುತ್ತು ಕುಳಿತು, ಪಾತ್ರೆಯ ಗೋಡೆಯಾಗಿ ಏಳುವುದು. ಇದನ್ನು ಡೆಲ್ಟಾ ಮಾದರಿಯ 3ಡಿ ಪ್ರಿಂಟರ್ ಎಂದು ಕರೆಯುತ್ತಾರೆ. ಪಾತ್ರೆ ಕುಳಿತ ಪೀಠವು ಸ್ವಲ್ಪವೂ ಅಲುಗದೆ ನಳಿಕೆಯೊಂದೇ ಸಂಚರಿಸುವುದರಿಂದ, ತನ್ನ ಭಾರಕ್ಕೆ ತಾನೇ ಬಾಗಲು ಕಾದಿರುವ ಹಸಿಮಣ್ಣಿಗೆ ಈ ಮಾದರಿಯು ಬಹಳ ಅನುಕೂಲವಾದುದು.

ತತ್ತ್ವದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಹೊಸದು ಅಲ್ಪ. ಮಣ್ಣನ್ನು ಉದ್ದನೆಯ ಬತ್ತಿಯಾಗಿ ಹೊಸೆದು, ಸುರುಳಿಯಾಗಿ ಒಂದರ ಮೇಲೊಂದು ಸುತ್ತಿ, ಸಂದುಗಳನ್ನು ಬೆರಳಿನಿಂದ ಬೆಸೆದು ಗಡಿಗೆ ಕಟ್ಟುವ ಪದ್ಧತಿಯು ತಿಗರಿಯ ಹುಟ್ಟಿಗಿಂತ ಸಹಸ್ರಾರು ವರ್ಷ ಹಳೆಯದು. ಆಫ್ರಿಕ ಖಂಡದ ಅನೇಕ ಕಡೆ ಹೆಂಗಸರು ಇಂದಿಗೂ ಅದೇ ಪದ್ಧತಿಯಿಂದ ಅತ್ಯಂತ ಸುಂದರವಾದ ಪಾತ್ರೆಗಳನ್ನು ಮಾಡುತ್ತಾರೆ. ಸುರುಳಿ ಸಪುರವಾಯಿತು, ಸುತ್ತುವ ಕೈಗೆ ಗಣಿತದ ನಿಖರತೆ ಬಂದಿತು. ಮಣ್ಣಿನ ನಿಯಮಗಳು ಮಾತ್ರ ಎಂದಿನಂತೆಯೇ ಉಳಿದವು. ನೀರು ತುಸು ಹೆಚ್ಚಾದರೆ ಗೋಡೆ ಕುಸಿಯುವುದು. ತುಸು ಕಡಮೆಯಾದರೆ ನಳಿಕೆ ಕಟ್ಟುವುದು. ಕೊಳವೆಯಲ್ಲಿ ಒಂದು ಗಾಳಿಯ ಗುಳ್ಳೆ ಅವಿತುಕೊಂಡಿದ್ದರೆ, ಅದು ನಳಿಕೆಯ ಬಾಯಿಗೆ ಬಂದ ಕ್ಷಣದಲ್ಲಿ ಎಳೆ ಹರಿದು, ಅಷ್ಟು ಹೊತ್ತಿನ ಕೆಲಸ ವ್ಯರ್ಥವಾಗುವುದು. ಹೊರಕ್ಕೆ ಬಹಳ ಚಾಚಿದ ಆಕಾರವನ್ನು ಗಣಕದ ಪರದೆ ಮರುಮಾತಿಲ್ಲದೆ ಒಪ್ಪಿಕೊಂಡರೂ ಮಣ್ಣು ಒಪ್ಪಲಾರದು. ಯಂತ್ರ ಬಂದುದರಿಂದ ಕುಂಬಾರನ ಕೈಯರಿವು ನಿರರ್ಥಕವಾಯಿತೆಂದು ವಿಷಾದಿಸುವವರು ಈ ಹದಗಾರಿಕೆಯನ್ನು ಒಮ್ಮೆ ಹತ್ತಿರದಿಂದ ಪರಿಶೀಲಿಸಬೇಕು. ಪಾತ್ರೆಯ ಹೊರಮೈಯನ್ನು ಸವರುತ್ತಿದ್ದ ಅರಿವು ಈಗ ಮಣ್ಣನ್ನು ಕಲಸುವಲ್ಲಿ, ಗಾಳಿಯ ಒತ್ತಡವನ್ನು ತಿದ್ದುವಲ್ಲಿ, ಒಣಗುವ ವೇಗವನ್ನು ಕಾಯುವಲ್ಲಿ ನೆಲೆಗೊಂಡಿದೆ.

ಮಣ್ಣುಗಳಲ್ಲೆಲ್ಲ ಪಿಂಗಾಣಿಯ ಮಣ್ಣು ಅತ್ಯಂತ ದುರಾರಾಧ್ಯವಾದುದು. ಕೇಯೊಲಿನ್ ಎಂಬ ಬಿಳಿಯ ಜೇಡಿ, ಫೆಲ್ಡ್‌ಸ್ಪಾರ್ ಎಂಬ ಖನಿಜ, ಬೆಣಚುಕಲ್ಲಿನ ಪುಡಿ, ಈ ಮೂರೂ ಕೂಡಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಬೆಂದಾಗ, ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ ಉಳಿದೆರಡನ್ನು ಬಂಧಿಸುವುದು. ಬೆಳಕು ಒಳಹಾಯುವ ಬಿಳುಪೂ, ಬೆರಳಿನಿಂದ ತಟ್ಟಿದರೆ ನಿನದಿಸುವ ಗಡಸುತನವೂ ಆಗ ಸಿದ್ಧಿಸುವುವು. ಆದರೆ ಈ ಬಿಳಿಜೇಡಿಯಲ್ಲಿ ಸಾಮಾನ್ಯ ಕುಂಬಾರಮಣ್ಣಿನ ಅಂಟುಗುಣ ಕಡಮೆ. ಒಣಗುವಾಗ ಬಿರಿಯುವುದು, ಬೇಯುವಾಗ ಎಂಟರಲ್ಲಿ ಒಂದು ಪಾಲಿನಷ್ಟು ಕುಗ್ಗುವುದು, ಉರಿಯ ಪರಮಾವಧಿಯಲ್ಲಿ ಮೆತ್ತಗಾಗಿ ಮೈ ಬಿಟ್ಟು ಬಾಗುವುದು ಇದರ ಸಹಜ ಧರ್ಮಗಳು. ಇದಕ್ಕೆ ಸ್ಮೃತಿಯುಂಟೆಂದು ಕುಂಬಾರರು ಹೇಳುತ್ತಾರೆ. ತಿಗರಿಯ ಮೇಲೆ ಎತ್ತುವಾಗ ಮಣ್ಣಿನಲ್ಲಿ ಸೇರಿದ ತಿರುಚು ಕಣ್ಣಿಗೆ ಕಾಣದೆ ಅಡಗಿದ್ದು, ಆವಿಗೆಯ ಶಾಖ ತಟ್ಟಿದೊಡನೆ ಸಡಿಲಗೊಳ್ಳುವುದರಿಂದ, ನೆಟ್ಟಗೆ ಕೂಡಿಸಿದ್ದ ಚಹದ ಕುಡಿಕೆಯ ಮೂತಿ ಬೆಂದ ಮೇಲೆ ಓರೆಯಾಗಿ ಹೊರಬರುವುದುಂಟು. ನಳಿಕೆಯಿಂದ ಇಳಿದ ಪಿಂಗಾಣಿಗೂ ತನ್ನದೇ ಸ್ಮೃತಿಯುಂಟು: ಒಂದೊಂದು ಸುತ್ತೂ ಬೆಂದ ಮೇಲೆ ಸಣ್ಣ ಗೆರೆಯಾಗಿ ಉಳಿದು, ಪಾತ್ರೆಯು ಬೆಳೆದ ಕ್ರಮವನ್ನು ಮೈಯ ಮೇಲೆಯೇ ತೋರಿಸುವುದು. ಈ ಗೆರೆಗಳನ್ನು ಉಜ್ಜಿ ಅಳಿಸುವ ಯೋಚನೆ ಕೀಪ್ ಅವರಿಗಿಲ್ಲ. ಅವು ಯಂತ್ರದ ಕೈಬರಹ. ತಿಗರಿಯಿಂದಿಳಿದ ಮಡಕೆಯ ಮೇಲೆ ಬೆರಳಿನ ಗೆರೆಗಳು ಹೇಗೆ ಸತ್ಯವೋ ಇವೂ ಹಾಗೆಯೇ ಸತ್ಯ.

ಆಕಾರಗಳನ್ನು ಅವರು ಪರದೆಯ ಮೇಲೆ ಕೈಯಿಂದ ಬರೆಯುವುದು ಕಡಮೆ, ಸೂತ್ರಗಳನ್ನು ಬರೆಯುತ್ತಾರೆ. ಗಿಡವೂ ಚಿಪ್ಪೂ ಹರಳೂ ಯಾವುದೋ ಒಂದು ಅಂತರ್ಗತ ನಿಯಮದ ಆವರ್ತನೆಯಿಂದ ರೂಪುಗೊಳ್ಳುವುವಾದರೆ, ಮಡಕೆಯೂ ಹಾಗೆಯೇ ಏಕೆ ಬೆಳೆಯಬಾರದೆಂಬುದು ಅವರ ಜಿಜ್ಞಾಸೆ. ‘ಸೀಡ್ ಬೆಡ್’ ಎಂಬ ಮಾಲಿಕೆಯಲ್ಲಿ ಒಂದೇ ಗಣಿತ ಸೂತ್ರದೊಳಗಿನ ಅಂಕಿಗಳನ್ನು ಅಷ್ಟಷ್ಟೇ ಬದಲಿಸಿದುದರಿಂದ, ಒಂದೇ ಕುಲದಲ್ಲಿ ಜನಿಸಿ ಭಿನ್ನ ಪ್ರಕೃತಿಗಳನ್ನು ಪಡೆದ ಅಣ್ಣತಮ್ಮಂದಿರಂತೆ ಪಾತ್ರೆಗಳ ಒಂದು ಸಂತಾನವೇ ಹುಟ್ಟಿಕೊಂಡಿದೆ. ‘ಐಸ್‌ಬರ್ಗ್’ ಮಾಲಿಕೆಯ ಬಿಳಿಯ ಪಿಂಗಾಣಿ ರೂಪಗಳಲ್ಲಿ ಸೂತ್ರದೊಡನೆ ಯದೃಚ್ಛೆಯ ಅಂಶವೊಂದು ಬೆರೆತಿರುವುದರಿಂದ, ಸಮುದ್ರದ ಹಿಮಬಂಡೆಗಳಲ್ಲಿ ಒಂದು ಇನ್ನೊಂದನ್ನು ಹೋಲದಿರುವ ಹಾಗೆ, ಇಲ್ಲಿಯೂ ಯಾವ ರೂಪವೂ ಪುನರಾವೃತ್ತವಾಗದು. ಇನ್ನೊಂದು ಮಾಲಿಕೆಯಲ್ಲಿ ಸಂಗೀತದ ನಾದತರಂಗಗಳನ್ನು ಅಂಕಿಗಳಾಗಿಸಿ, ಆ ಅಂಕಿಗಳ ಏರಿಳಿತವನ್ನು ಪಾತ್ರೆಯ ಮೈಯ ಉಬ್ಬುತಗ್ಗುಗಳಾಗಿ ಇಳಿಸಿದ್ದಾರೆ. ಇವುಗಳಲ್ಲಿ ನನಗೆ ಹಿಮಬಂಡೆಗಳೇ ಶ್ರೇಷ್ಠವೆನಿಸುತ್ತವೆ. ಅವುಗಳಲ್ಲಿ ಸೂತ್ರವು ತನ್ನ ಚಾತುರ್ಯವನ್ನು ಪ್ರದರ್ಶಿಸದೆ ಪದಾರ್ಥದಲ್ಲಿ ಲೀನವಾಗಿದೆ.

ಕೀಪ್ ಅವರ ಕೃತಿಗಳಷ್ಟೇ ಮಹತ್ತ್ವದ ಕಾರ್ಯವೊಂದು ಅವರಿಂದ ನಡೆದಿದೆ. ಅದರ ಬೆಲೆ ತಿಳಿಯಬೇಕಾದರೆ ಪಿಂಗಾಣಿಯ ಪೂರ್ವಚರಿತ್ರೆಯನ್ನು ಕೊಂಚ ನೆನೆಯಬೇಕು. ಚೀನ ದೇಶದ ಜಿಂಗ್‌ಡೆಜೆನ್ ನಗರದಿಂದ ಹಡಗು ಹಡಗಾಗಿ ಬರುತ್ತಿದ್ದ ಪಿಂಗಾಣಿಯನ್ನು ಚಿನ್ನದ ತೂಕಕ್ಕೆ ಸಮನೆಂದು ಬಗೆದ ಯುರೋಪಿನ ಅರಸರು ಶತಮಾನಗಳ ಕಾಲ ಅದರ ರಹಸ್ಯಕ್ಕಾಗಿ ಹಾತೊರೆದರು. ಸ್ಯಾಕ್ಸನಿಯ ದೊರೆ ಅಗಸ್ಟಸನು, ಚಿನ್ನ ಮಾಡಬಲ್ಲೆನೆಂದು ಹೇಳಿಕೊಂಡಿದ್ದ ಯೋಹಾನ್ ಫ್ರೀಡ್ರಿಕ್ ಬಟ್ಗರ್ ಎಂಬ ತರುಣನನ್ನು ಸೆರೆಯಲ್ಲಿಟ್ಟು, ವಿದ್ವಾಂಸ ಚಿರ್ನ್‌ಹೌಸನ ಮಾರ್ಗದರ್ಶನದಲ್ಲಿ ಪ್ರಯೋಗಗಳಿಗೆ ಹಚ್ಚಿದನು. 1708ರಲ್ಲಿ ಪಾಕವು ಕೈಗೂಡಿತು. 1710ರಲ್ಲಿ ಮೈಸನ್ ಕಾರ್ಖಾನೆ, ಬೆಟ್ಟದ ಮೇಲಣ ಕೋಟೆಯೊಳಗೆ, ಗುಟ್ಟು ಹೊರಬೀಳದಿರಲೆಂದು ಸ್ಥಾಪಿತವಾಯಿತು. ಪಾಕ ಸಿದ್ಧಿಸಿದ ಎಷ್ಟೋ ವರ್ಷಗಳ ಮೇಲೆ, 1714ರಲ್ಲಿ ಬಿಡುಗಡೆ ಹೊಂದಿದ ಬಟ್ಗರ್, 1719ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡನು. ಅಷ್ಟರೊಳಗೆ ಕೆಲಸಗಾರರು ಕೆಲವರು ಗುಟ್ಟನ್ನು ಹೊತ್ತು ವಿಯೆನ್ನಾಕ್ಕೆ ಓಡಿಯಾಗಿದ್ದಿತು. ಚೀನದಲ್ಲಿದ್ದ ಜೆಸುಯಿಟ್ ಪಾದ್ರಿ ದಾಂತ್ರಕೋಲ್ 1712ರಲ್ಲಿ ಬರೆದ ದೀರ್ಘ ಪತ್ರವೂ ಅದೇ ಗುಟ್ಟನ್ನು ಯುರೋಪಿಗೆ ಬಿಚ್ಚಿ ತೋರಿಸಿತು. ಇಂಗ್ಲೆಂಡಿನ ವಿಲಿಯಮ್ ಕುಕ್‌ವರ್ದಿ ಕಾರ್ನ್‌ವಾಲಿನಲ್ಲಿ ಬಿಳಿಜೇಡಿಯನ್ನು ಪತ್ತೆಹಚ್ಚಿ, 1768ರಲ್ಲಿ ಅದರ ಪಿಂಗಾಣಿಗೆ ಪೇಟೆಂಟ್ ಪಡೆದು ಬೇಲಿ ಹಾಕಿದನು. ಆ ಬೇಲಿಯ ಅವಧಿಯನ್ನು ಬೆಳೆಸುವ ಪ್ರಯತ್ನ ನಡೆದಾಗ ಜೊಸೈಯ ವೆಜ್‌ವುಡ್ ಮೊದಲಾದ ಸ್ಟ್ಯಾಫರ್ಡ್‌ಷೈರಿನ ಕುಂಬಾರರು ಪ್ರತಿಭಟಿಸಿ ಹೋರಾಡಬೇಕಾಯಿತು.

ಎಳೆ ಸುತ್ತಿ ವಸ್ತು ಕಟ್ಟುವ ಯಂತ್ರದ ಕಥೆಯೂ ಬೇರೆಯಲ್ಲ. ಬಿಸಿಮಾಡಿದ ಪ್ಲಾಸ್ಟಿಕ್ಕಿನ ಎಳೆಯಿಂದ ವಸ್ತುಗಳನ್ನು ಕಟ್ಟುವ ವಿಧಾನಕ್ಕೆ ಅಮೆರಿಕದಲ್ಲಿ 1989ರಲ್ಲಿ ಪೇಟೆಂಟಿನ ಅರ್ಜಿ ಹೋಗಿ, 2009ರವರೆಗೆ ಅದು ಒಂದು ಸಂಸ್ಥೆಯ ಸ್ವತ್ತಾಗಿದ್ದಿತು. ಈ ನಡುವೆ 2005ರಲ್ಲಿ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ಅವರು, ಯಾರು ಬೇಕಾದರೂ ಕಟ್ಟಿಕೊಳ್ಳಬಹುದಾದ, ತನ್ನ ಭಾಗಗಳಲ್ಲಿ ಹಲವನ್ನು ತಾನೇ ಮಾಡಿಕೊಳ್ಳಬಲ್ಲ ‘ರೆಪ್‌ರ‍್ಯಾಪ್’ ಯಂತ್ರದ ಯೋಜನೆಯನ್ನು ಲೋಕಕ್ಕೆ ತೆರೆದಿಟ್ಟರು. ಆ ಬಗೆಯ ಯಂತ್ರಕ್ಕೆ ಪ್ಲಾಸ್ಟಿಕ್ಕಿನ ಬದಲು ಮಣ್ಣನ್ನು ತುಂಬಿದವರು ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರದ ‘ಅನ್‌ಫೋಲ್ಡ್’ ಸಂಸ್ಥೆಯ ಕ್ಲೇರ್ ವಾರ್ನಿಯೆ ಮತ್ತು ಡ್ರೀಸ್ ವರ್ಬ್ರುಗನ್ ಎಂಬ ಇಬ್ಬರು ವಿನ್ಯಾಸಕಾರರು. 2010ರಲ್ಲಿ ಅವರು ಹಾಸೆಲ್ಟ್ ಪಟ್ಟಣದ ಪ್ರದರ್ಶನವೊಂದಕ್ಕಾಗಿ ರಚಿಸಿದ ಕೃತಿಯಲ್ಲಿ, ಬಂದವರು ಬರಿಯ ಗಾಳಿಯಲ್ಲಿ ಕೈಯಾಡಿಸಿ ಪರದೆಯ ಮೇಲಿನ ಮಾಯಾ ಮಣ್ಣನ್ನು ತಿದ್ದುವುದು, ಯಂತ್ರವು ಆ ಆಕಾರವನ್ನು ನಿಜಮಣ್ಣಿನಲ್ಲಿ ಕಟ್ಟುವುದು, ಈ ಕೌತುಕವನ್ನು ಜನ ಕಂಡರು. ಎರಡು ವರ್ಷಗಳ ಮೇಲೆ ಇಸ್ತಾಂಬುಲ್ಲಿನ ವಿನ್ಯಾಸ ಮೇಳಕ್ಕಾಗಿ ಅವರು ಪಾತ್ರೆಗಳನ್ನು ಸಾಗಿಸದೆ ಪಾತ್ರೆಗಳ ಗಣಕಲೇಖಗಳನ್ನಷ್ಟೆ ಬೇರೆ ಬೇರೆ ದೇಶಗಳ ಕುಶಲಿಗಳಿಗೆ ಕಳುಹಿಸಿ, ಅವರವರು ತಮ್ಮ ಮಣ್ಣಿನಲ್ಲಿ ತಮ್ಮ ರೀತಿಯಲ್ಲಿ ಕಟ್ಟಿ ಬೇಯಿಸಲೆಂದು ಬಿಟ್ಟರು. ಒಂದೇ ಲೇಖದಿಂದ ಒಡಮೂಡಿದ ಪಾತ್ರೆಗಳು ಊರಿಗೊಂದು ಬಗೆಯಾದವು.

ಈ ಪರಂಪರೆಯಲ್ಲಿ ನಿಂತು ಜಾನಥನ್ ಕೀಪ್ 2013ರಲ್ಲಿ ತಮ್ಮ ಡೆಲ್ಟಾ ಯಂತ್ರದ ಅಳತೆಗಳನ್ನೂ ಕಟ್ಟುವ ಕ್ರಮವನ್ನೂ ಯಾವ ಪ್ರತಿಫಲವನ್ನೂ ಬಯಸದೆ ಪ್ರಕಟಿಸಿದರು. ಸಾಮಾನ್ಯ ಹಲಗೆ, ಅಂಗಡಿಯಲ್ಲಿ ಸಿಗುವ ಮೋಟರು, ಗಾಳಿ ಒತ್ತುವ ಕಂಪ್ರೆಸರ್, ಇಷ್ಟರಿಂದ ಬಡ ಕಲಾಶಾಲೆಯೂ ಯಂತ್ರವನ್ನು ಸಿದ್ಧಪಡಿಸಿಕೊಳ್ಳಬಹುದೆಂಬುದು ಅದರಿಂದ ನಿರ್ವಿವಾದವಾಯಿತು. ಮೈಸನ್ನಿನ ಕೋಟೆಯಲ್ಲಿ ಕಾವಲಿಟ್ಟು ಕಾದ ವಿದ್ಯೆಯನ್ನು ಕುಂಬಾರನೊಬ್ಬನು ತಾನಾಗಿಯೇ ಬಾಗಿಲು ತೆರೆದು ಹಂಚಿದುದು, ಯುರೋಪಿನಲ್ಲಿ ಆ ಕಸುಬಿನ ಮುನ್ನೂರು ವರ್ಷಗಳ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಹಿಮಬಂಡೆಗಿಂತಲೂ ಇದು ದೊಡ್ಡ ಕೃತಿ.

ಇನ್ನು ಈ ಕಸುಬು ಪರಿಸರಕ್ಕೆ ಹಿತವಾದುದೆಂಬ ಮಾತನ್ನು ವಿವೇಚಿಸಬೇಕು. ಪಿಂಗಾಣಿಯ ಬಿಳುಪಿಗೆ ನೆಲವು ತೆರುವ ಬೆಲೆ ಕಾರ್ನ್‌ವಾಲಿನಲ್ಲಿ ಕಣ್ಣಿಗೆ ಕಾಣುವಂತಿದೆ. ಒಂದು ಟನ್ನು ಬಿಳಿಜೇಡಿ ತೆಗೆಯುವಲ್ಲಿ ಅದರ ಹಲವು ಪಟ್ಟು ಮರಳೂ ಕಲ್ಲೂ ಹೊರಬಿದ್ದು, ಸೇಂಟ್ ಆಸ್ಟಲ್ ಪಟ್ಟಣದ ಸುತ್ತ ಬಿಳಿಯ ಗುಡ್ಡಗಳಾಗಿ ಬೆಳೆದಿವೆ. ಕಾರ್ನ್‌ವಾಲಿನ ಆಲ್ಪ್ಸ್ ಎಂದೇ ಅವುಗಳಿಗೆ ಹೆಸರು. ಅಂಥ ಬರಿದಾದ ಗಣಿಯೊಂದರಲ್ಲಿಯೇ 2001ರಲ್ಲಿ ‘ಈಡನ್ ಪ್ರಾಜೆಕ್ಟ್’ ಎಂಬ ಸಸ್ಯೋದ್ಯಾನವು ಮೈದಳೆಯಿತು. ಹೀಗೆ ದಕ್ಕಿದ ಮಣ್ಣಿನ ಒಂದು ಹಿಡಿಯನ್ನೂ ಕೆಡಿಸದಿರುವುದು ಕುಂಬಾರನ ಕರ್ತವ್ಯವಾದರೆ, ನಳಿಕೆಯ ವಿಧಾನವು ಆ ಕರ್ತವ್ಯಕ್ಕೆ ಒದಗಿಬರುವುದು ನಿಜ. ಪಾತ್ರೆಗೆ ಬೇಕಾದಷ್ಟೇ ಮಣ್ಣು ನಳಿಕೆಯಿಂದ ಇಳಿಯುವುದು. ಕಾರ್ಖಾನೆಯ ಎರಕದ ಪದ್ಧತಿಯಲ್ಲಿ ಆಕಾರಕ್ಕೊಂದು ಪ್ಲಾಸ್ಟರಿನ ಅಚ್ಚು ಬೇಕು; ಆ ಅಚ್ಚು ಸವೆದ ಮೇಲೆ ಕಸವಾಗುವುದು. ಇಲ್ಲಿ ಅಚ್ಚಿನ ಮಾತೇ ಇಲ್ಲ. ಕೆಟ್ಟುಹೋದ ಹಸಿಪಾತ್ರೆಯನ್ನು ನೀರಿನಲ್ಲಿ ನೆನೆಹಾಕಿದರೆ ಅದು ಮತ್ತೆ ಮಣ್ಣು. ದೂರದ ಊರಿಗೆ ಪಾತ್ರೆಯನ್ನು ಹೊಟ್ಟಿನಲ್ಲಿ ಸುತ್ತಿ ಹಡಗಿಗೇರಿಸುವ ಬದಲು ಅದರ ಲೇಖವನ್ನು ಕಳುಹಿಸಬಹುದು.

ಆವಿಗೆಯ ಉರಿಯ ಲೆಕ್ಕವು ಮಾತ್ರ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಐನೂರು ಅರುನೂರು ಡಿಗ್ರಿಗಳ ನಡುವೆ, ಜೇಡಿಯ ಹರಳುಗಳೊಳಗೆ ಕಟ್ಟುಬಿದ್ದಿದ್ದ ನೀರು ಹೊರಟುಹೋದ ಮೇಲೆ, ಆ ವಸ್ತು ಇನ್ನೆಂದಿಗೂ ಮಣ್ಣಾಗಿ ಮರಳದು. ಅಲ್ಲಿಂದ ಮುಂದೆ 1300ರವರೆಗೆ ಏರುವ ಪ್ರತಿಯೊಂದು ಮೆಟ್ಟಿಲಿಗೂ ಅನಿಲವನ್ನೋ ವಿದ್ಯುತ್ತನ್ನೋ ಉಣಿಸುತ್ತಲೇ ಇರಬೇಕು. ನಳಿಕೆಯಿಂದ ಹುಟ್ಟಿದ ಪಾತ್ರೆಗೂ ತಿಗರಿಯಿಂದ ಹುಟ್ಟಿದ ಪಾತ್ರೆಗೂ ಈ ವಿಷಯದಲ್ಲಿ ಭೇದವಿಲ್ಲ. ಆದುದರಿಂದ ಹೊಸ ಯಂತ್ರವನ್ನು ಪರಿಸರದ ರಕ್ಷಕನೆಂದು ಹೊಗಳುವವರು ಆವಿಗೆಯ ಬಾಗಿಲಲ್ಲಿ ಒಮ್ಮೆ ನಿಲ್ಲುವುದು ಅಗತ್ಯ. ಎಳೆ ಸುತ್ತುವ ವಿಧಾನದಲ್ಲಿ ಆಕಾರಗಳನ್ನು ಬೇಕಾದಷ್ಟು ಬಾರಿ ಕಟ್ಟಿ, ಕೆಡವಿ, ತಿದ್ದಿ, ತೃಪ್ತಿಯಾದುದನ್ನು ಮಾತ್ರ ಬೇಯಿಸುವ ಸ್ವಾತಂತ್ರ್ಯವುಂಟು. ಆ ಸ್ವಾತಂತ್ರ್ಯವನ್ನು ಸಂಯಮದಿಂದ ಬಳಸುವವನ ಕೈಯಲ್ಲಿ ಉರಿಯ ಖರ್ಚು ತಗ್ಗುವುದು, ಬಳಸದವನ ಕೈಯಲ್ಲಿ ತಗ್ಗದು. ಉರಿಯ ಲೆಕ್ಕ ಹೀಗೆ ಉಳಿದರೂ ವಿದ್ಯೆಯ ಬಾಗಿಲು ತೆರೆದೇ ಇದೆ. ಮಣ್ಣಿನ ಮುದ್ರಣವನ್ನು ಕುರಿತು ಕೀಪ್ ಅವರು 2020ರಲ್ಲಿ ಹೊರತಂದ ಕೈಪಿಡಿಯೂ ಅವರ ಯಂತ್ರದ ನಕ್ಷೆಗಳಂತೆಯೇ ಹಣವಿಲ್ಲದೆ ಎಲ್ಲರಿಗೂ ದೊರೆಯುವಂತಿದ್ದು, ಹಲವು ದೇಶಗಳ ಕುಂಬಾರರೂ ವಿದ್ಯಾರ್ಥಿಗಳೂ ಅದನ್ನು ಮುಂದಿಟ್ಟುಕೊಂಡೇ ಈ ಕೆಲಸಕ್ಕೆ ಕೈಹಾಕುತ್ತಿದ್ದಾರೆ.